ಉಸಿರು ಬಿಡುವ ಮೀನು

"ಎಡಕ್ಕಲ್ಲ, ಬಲಕ್ಕೆ ತಿರುಗಿಸು," ಎಂದಳು ಹಿಂದಿನ ಸೀಟಿನಿಂದ ಸಫಿಯಮ್ಮ.

ಆಸ್ಯಾ ಬ್ರೇಕಿನ ಮೇಲೆ ಕಾಲಿಟ್ಟಳು. ಮಣಿಪಾಲದ ಗುಡ್ಡ ಇಳಿದು, ಕಡಿಯಾಳಿ ದಾಟಿ, ಉಡುಪಿ ಪೇಟೆಯ ಸೈಕಲ್ಲು, ದನ, ಸಿಟಿ ಬಸ್ಸುಗಳಿಂದ ಹೇಗೋ ಪಾರಾಗಿ ಬಂದಿದ್ದ ಫಿಯೆಟ್ ಕಾರು ಹೆದ್ದಾರಿ ಸೇರುವಲ್ಲಿ ಮುಗ್ಗರಿಸಿ ನಿಂತಿತು. ಎಡಕ್ಕೆ ಹೋದರೆ ಕಾಪು, ಮನೆ. ಬಲಕ್ಕೆ ಹೋದರೆ ಕುಂದಾಪುರ, ಬೈಂದೂರು, ಅದರಾಚೆ ಆಸ್ಯಾ ಹೆಸರು ಮಾತ್ರ ಕೇಳಿದ್ದ ಊರುಗಳು. ಹಿಂದಿದ್ದ ಬಸ್ಸು ಉದ್ದಕ್ಕೆ ಹಾರ್ನ್ ಹೊಡೆಯಿತು.

"ಮಾಮಿ, ಅದು ಕುಂದಾಪುರದ ದಾರಿ."

"ಗೊತ್ತುಂಟು. ಒತ್ತಿನೆಣೆಗೆ ಹೋಗುವ."

"ಇವತ್ತಾ?"

"ಮತ್ತೆ ಯಾವಾಗ? ಈ ಕಣ್ಣು ಮಾಡಿಸಿದ್ದು ಮನೆಯ ಗೋಡೆ ನೋಡ್ಲಿಕ್ಕಾ?"

ಆಸ್ಯಾ ಕನ್ನಡಿಯಲ್ಲಿ ಅತ್ತೆಯ ಮುಖ ನೋಡಿದಳು. ಅರ್ಧ ಗಂಟೆಯ ಹಿಂದೆ ಆಸ್ಪತ್ರೆಯಲ್ಲಿ ಕೊಟ್ಟ ದಪ್ಪ ಕನ್ನಡಕದೊಳಗೆ ಆ ಕಣ್ಣು ಲಿಂಬೆಹಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ವರ್ಷಗಟ್ಟಲೆ ಪೊರೆ ಬೆಳೆದು ಬೆಳಕು-ಕತ್ತಲೆ ಮಾತ್ರ ತಿಳಿಯುತ್ತಿದ್ದ ಮುದುಕಿ. ಇವತ್ತು ಕನ್ನಡಕ ಹಾಕಿದ ಕೂಡಲೇ ನರ್ಸಮ್ಮನ ಸೀರೆಯ ಅಂಚಿನ ನೀಲಿ ನೋಡಿ, "ಇಷ್ಟು ನೀಲಿ ಲೋಕದಲ್ಲಿ ಇನ್ನೂ ಉಂಟಾ?" ಎಂದು ಕೇಳಿದ್ದಳು.

"ಬೀರಾನ್ ಕಾಕನಿಗೆ ಗೊತ್ತಾದರೆ?"

"ಗೊತ್ತಾಗಲಿ. ನಾನು ಅವನನ್ನು ಹೆತ್ತದ್ದು, ಅವನು ನನ್ನನ್ನಲ್ಲ."

ಬಸ್ಸಿನ ಕಂಡಕ್ಟರ್ ಕೆಳಗೆ ಹಾರಿ, ಬೈಯುವುದಕ್ಕೆ ಬಾಯಿ ತೆರೆದುಕೊಂಡೇ ಬಂದನು. ಸ್ಟಿಯರಿಂಗಿನ ಹಿಂದೆ ತಲೆಗೆ ಸೆರಗು ಹೊದ್ದ ಹೆಂಗಸನ್ನು ಕಂಡು ಅವನ ಬೈಗುಳ ಗಂಟಲಲ್ಲೇ ನಿಂತಿತು. "ಎಂತ ಅಕ್ಕ, ಹೋಗುವುದಾ ಇಲ್ವಾ?" ಎಂದು ಮಾತ್ರ ಕೇಳಿದನು.

"ಹೋಗುವುದೇ," ಎಂದು ಆಸ್ಯಾ ಗೇರು ಹಾಕಿ ಬಲಕ್ಕೆ ತಿರುಗಿಸಿದಳು.

ಕಾರು ಅವಳ ಗಂಡ ಬದ್ರುದ್ದೀನನದು. ಸೌದಿಯ ದಮಾಮಿನಿಂದ ರಜೆಗೆ ಬಂದಾಗ ಕೊಂಡು, ಒಂದು ತಿಂಗಳು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುತ್ತಿ, ತಿರುಗಿ ಹೋಗುವಾಗ ಕೀಲಿಯನ್ನು ಅಣ್ಣ ಬೀರಾನನ ಕೈಗೆ ಕೊಟ್ಟಿದ್ದನು. ಅಂದಿನಿಂದ ಅದು ಟರ್ಪಾಲಿನ ಕೆಳಗೆ ಮಲಗಿತ್ತು. ಮದುವೆಗೋ ಆಸ್ಪತ್ರೆಗೋ ಬೇಕಾದಾಗ ಲಿಡ್ವಿನ್ ಎಂಬ ಡ್ರೈವರನನ್ನು ಕರೆಸುತ್ತಿದ್ದರು. ಅದೇ ಮನೆಯಲ್ಲಿ ಲೈಸೆನ್ಸ್ ಇದ್ದ ಸೊಸೆ ಹಿಂದಿನ ಸೀಟಿನಲ್ಲಿ ಕೂತು ಲಿಡ್ವಿನ್ ತಪ್ಪು ಗೇರು ಹಾಕುವುದನ್ನು ಕೇಳಿಸಿಕೊಳ್ಳಬೇಕಾಗಿತ್ತು.

ಲೈಸೆನ್ಸ್ ಮಾಡಿಸಿಕೊಟ್ಟವನು ಅವಳ ತಂದೆ. ಬಜಗೋಳಿಯ ಅಬ್ದುಲ್ ಹಕೀಂ ಕುದುರೆಮುಖದ ದಾರಿಯಲ್ಲಿ ಮರದ ಲಾರಿ ಓಡಿಸುತ್ತಿದ್ದವನು. ಗಂಡು ಮಕ್ಕಳಿರಲಿಲ್ಲ. ಮಾಳದ ಘಾಟಿಯ ತಿರುವುಗಳಲ್ಲಿ ಒಬ್ಬಳೇ ಮಗಳನ್ನು ಜೀಪಿನ ಸೀಟಿಗೆ ದಿಂಬು ಇಟ್ಟು ಕೂರಿಸಿ, "ರಸ್ತೆ ನೋಡು, ಪ್ರಪಾತ ನೋಡಬೇಡ," ಎಂದು ಕಲಿಸಿದ್ದನು. ಮದುವೆಯಾಗಿ ಕಾಪುವಿಗೆ ಬಂದಾಗ ಪೆಟ್ಟಿಗೆಯೊಳಗೆ ಲೈಸೆನ್ಸ್ ಕಂಡು ಬದ್ರುದ್ದೀನ್ ನಕ್ಕಿದ್ದ, ಖುಷಿಪಟ್ಟಿದ್ದ. ಬೀರಾನ್ ಮಾತ್ರ, "ಈ ಮನೆಯ ಹೆಂಗಸರು ಕಾರು ಓಡಿಸುವ ಕಾಲ ಬಂದರೆ ನಾನು ಅಂಗಡಿಗೆ ಬೀಗ ಹಾಕ್ತೇನೆ," ಎಂದಿದ್ದ. ಕಾಪು ಪೇಟೆಯಲ್ಲಿ ಅವನ ಜವಳಿ ಅಂಗಡಿಗೆ ದೊಡ್ಡ ಹೆಸರಿತ್ತು. ಆ ಮಾತಿಗೆ ಮನೆಯಲ್ಲಿ ಯಾರೂ ಎದುರಾಡಲಿಲ್ಲ.

ಇವತ್ತು ಬೆಳಿಗ್ಗೆ ಲಿಡ್ವಿನ್ ತಂಗಿಯ ಮದುವೆಗೆಂದು ಕೈಕೊಟ್ಟನು. ಬೀರಾನ್ ಬಟ್ಟೆ ತರಲು ಮೊದಲ ಬಸ್ಸಿಗೇ ಮಂಗಳೂರಿಗೆ ಹೋಗಿದ್ದನು. ಕನ್ನಡಕ ಸಿಗುವ ದಿನ ತಪ್ಪಿದರೆ ಇನ್ನು ಹದಿನೈದು ದಿನ ಕಾಯಬೇಕು. ಸಫಿಯಮ್ಮ ಜಗಲಿಯಲ್ಲಿ ಹೊರಟು ಕೂತವಳು ಏಳಲಿಲ್ಲ. ಆಸ್ಯಾ ಒಳಗೆ ಹೋಗಿ ಮೊಳೆಯಲ್ಲಿ ತೂಗುತ್ತಿದ್ದ ಕೀಲಿ ತೆಗೆದುಕೊಂಡಳು. ಅಂಗಡಿಗಳು ತೆರೆಯುವ ಮೊದಲೇ ಪೇಟೆ ದಾಟಿ ಆಸ್ಪತ್ರೆಗೆ ಹೋಗಿ, ಪೇಟೆ ಖಾಲಿಯಾಗುವ ಊಟದ ಹೊತ್ತಿಗೆ ಹಿಂದೆ ಬಂದು, ಟರ್ಪಾಲು ಮುಚ್ಚಿಬಿಟ್ಟರೆ ಮುಗಿಯಿತು ಎಂದು ಅವಳು ಲೆಕ್ಕ ಹಾಕಿದ್ದಳು. ಬಲಕ್ಕೆ ತಿರುಗಿದ ಮೇಲೆ ಆ ಲೆಕ್ಕವೇ ಉಳಿಯಲಿಲ್ಲ.

ಬ್ರಹ್ಮಾವರ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಡಿಸೆಂಬರಿನ ಬಿಸಿಲು ಇನ್ನೂ ಹಿತವಾಗಿತ್ತು. ಕೊಯ್ದ ಗದ್ದೆಗಳಲ್ಲಿ ಕೊಕ್ಕರೆಗಳು ಒಂಟಿಕಾಲಲ್ಲಿ ನಿಂತಿದ್ದವು. ಸಫಿಯಮ್ಮ ಪ್ರತಿಯೊಂದಕ್ಕೂ, "ಅದು ಹಕ್ಕಿಯಾ, ಬಟ್ಟೆಯಾ?" ಎಂದು ಕೇಳುತ್ತಿದ್ದಳು.

"ಒತ್ತಿನೆಣೆಯಲ್ಲಿ ಎಂತ ಉಂಟು ಮಾಮಿ?"

"ನನ್ನ ಸವತಿ ಇದ್ದಾಳೆ."

ಆಸ್ಯಾ ಬೆಚ್ಚಿ ಕನ್ನಡಿ ನೋಡಿದಳು. ಮುದುಕಿ ನಗುತ್ತಿದ್ದಳು.

"ಹೆದರಬೇಡ. ನಿನ್ನ ಮಾವ ಮಚ್ವೆ ಹಡಗಿನಲ್ಲಿ ಹೆಂಚು ತುಂಬಿಸಿಕೊಂಡು ಬೊಂಬಾಯಿಗೆ ಹೋಗ್ತಿದ್ದರಲ್ಲ. ಬೈಂದೂರಿನ ಆಚೆ ಒಂದು ಕೆಂಪು ಗುಡ್ಡ ಸೀದಾ ಕಡಲಿಗೆ ಇಳಿದಿದೆಯಂತೆ. ಅಲ್ಲಿಗೆ ಮುಟ್ಟುವಾಗ ಉಸಿರು ಬಿಡುವ ಮೀನು ಬರ್ತದೆಯಂತೆ. ಒಂದಲ್ಲ, ಹತ್ತಿಪ್ಪತ್ತು. ಹಡಗಿನ ಒಟ್ಟಿಗೆ ಓಡ್ತದೆ, ಮನುಷ್ಯರ ಹಾಗೆ ಉಸಿರು ಬಿಡ್ತದೆ, ಮರಿಯನ್ನು ಬಗಲಲ್ಲಿ ಇಟ್ಟುಕೊಂಡು ಈಜ್ತದೆ ಅಂತ ಹೇಳ್ತಿದ್ದರು. ಮಳೆಗಾಲ ನಾಲ್ಕು ತಿಂಗಳು ಮನೆಯಲ್ಲಿ ಕೂತರೂ ಅದೇ ಕತೆ. ಹೇಳುವಾಗ ಆ ಮುಖ ನೋಡಬೇಕಿತ್ತು ನೀನು. ನನ್ನನ್ನು ನೋಡಿ ಒಂದು ದಿನ ಹಾಗೆ ಮುಖ ಅರಳಲಿಲ್ಲ."

"ನಿಮ್ಮನ್ನು ಒಮ್ಮೆ ಕರ್ಕೊಂಡು ಹೋಗಬಹುದಿತ್ತಲ್ವಾ?"

"ಕೇಳಿದೆ. ಹೆಂಗಸು ಹತ್ತಿದರೆ ಹಡಗಿಗೆ ಆಗುವುದಿಲ್ಲ ಅಂದರು. ಕಡಲು ನಮ್ಮ ಹಿತ್ತಿಲಿನ ಹಿಂದೆಯೇ ಉಂಟು. ಮದುವೆಯಾಗಿ ಬಂದಂದಿನಿಂದ ನಾನು ಅದರ ಶಬ್ದ ಕೇಳಿದ್ದು ಮಾತ್ರ."

ಕುಂದಾಪುರದ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದಾಗ ಒಬ್ಬ ದಪ್ಪ ಮನುಷ್ಯ ಲಾರಿಯ ಬದಿಯಿಂದ ಬಗ್ಗಿ ನೋಡಿದನು. ಹೆಂಚಿನ ಲಾರಿಗಳ ಮಾಲಿಕ ರೊಸಾರಿಯೊ, ಬೀರಾನನ ಹಳೇ ಗಿರಾಕಿ. ಅವನು ಕಾರನ್ನು ನೋಡಿದನು, ಆಸ್ಯಾಳನ್ನು ನೋಡಿದನು, ಡ್ರೈವರ್ ಎಲ್ಲಿ ಎಂದು ಸುತ್ತ ಹುಡುಕಿದನು.

"ಇದು ಬೀರಾನ್ ಸಾಹೇಬರ ಮನೆಯ ಗಾಡಿಯಲ್ವಾ? ಅವರು ಬರಲಿಲ್ಲವಾ?"

ಆಸ್ಯಾಳ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಅಷ್ಟರಲ್ಲಿ ಹಿಂದಿನ ಗಾಜು ಇಳಿಯಿತು.

"ಅವನು ಬರಲಿಲ್ಲ. ನಾವು ಬಂದಿದ್ದೇವೆ," ಎಂದಳು ಸಫಿಯಮ್ಮ. "ಒತ್ತಿನೆಣೆಗೆ ಹೋಗುವುದು. ಫೋನು ಮಾಡುವುದಾದರೆ ಮಾಡು. ಊಟಕ್ಕೆ ಕಾಯುವುದು ಬೇಡ ಅಂತ ಹೇಳು."

ರೊಸಾರಿಯೊ ಪೆಚ್ಚಾಗಿ ನಕ್ಕನು. ಬಂಕಿನಿಂದ ಹೊರಗೆ ಬರುವಾಗ ಅವನು ಆಫೀಸಿನ ಫೋನಿನ ಕಡೆ ನಡೆಯುತ್ತಿರುವುದು ಆಸ್ಯಾಳಿಗೆ ಕನ್ನಡಿಯಲ್ಲಿ ಕಂಡಿತು. ಆದರೆ ವಿಚಿತ್ರವೆಂದರೆ, ಗೊತ್ತಾಗುವುದು ಹೇಗೂ ಗೊತ್ತಾಯಿತು ಎಂದಮೇಲೆ ಎದೆಯ ಮೇಲಿನ ಭಾರವೊಂದು ಇಳಿದಂತಾಯಿತು. ಅವಳು ಮೊದಲ ಬಾರಿ ಟಾಪ್ ಗೇರಿಗೆ ಹಾಕಿದಳು.

ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ರಸ್ತೆ ಮಾತ್ರ. ಒಂದಷ್ಟು ದೂರ ಹೋದಮೇಲೆ ಸಫಿಯಮ್ಮ ಕಾರು ನಿಲ್ಲಿಸು ಎಂದು ಸೀಟನ್ನು ಬಡಿದು, ನಿಂತ ಕೂಡಲೇ ಇಳಿದಳು. ಅಲೆ ತಡೆಯಲು ಸುರಿದ ಕಪ್ಪು ಬಂಡೆಗಳ ಮೇಲಿನಿಂದ ದೊಡ್ಡದೊಂದು ಹದ್ದು ರೆಕ್ಕೆ ಬಡಿಯದೆ ತೇಲಿ ಬರುತ್ತಿತ್ತು. ಹೊಟ್ಟೆ ಹತ್ತಿಯಷ್ಟು ಬಿಳಿ, ರೆಕ್ಕೆಯ ಅಂಚು ಕಪ್ಪು. ಅದರ ಉಗುರಿನಲ್ಲಿ ಉದ್ದದ್ದೇನೋ ಒದ್ದಾಡುತ್ತಿತ್ತು. ಹದ್ದು ಅವರ ತಲೆಯ ಮೇಲಿಂದಲೇ ರಸ್ತೆ ದಾಟಿ ಹೊಳೆಯಾಚೆಯ ಎತ್ತರದ ಮರಕ್ಕೆ ಹೋಯಿತು. ಅಲ್ಲಿ ಸೌದೆ ರಾಶಿ ಹಾಕಿದ ಹಾಗೆ ಗೂಡಿತ್ತು.

"ಹಾವು! ಹಳದಿ ಪಟ್ಟೆ ಉಂಟು!" ಎಂದು ಸಫಿಯಮ್ಮ ಕೂಗಿದಳು. "ನೀನು ನೋಡಿದೆಯಾ? ಪಟ್ಟೆ ನೋಡಿದೆಯಾ?"

"ಇಲ್ಲ ಮಾಮಿ, ನನಗೆ ಹಾವು ಅಂತ ಮಾತ್ರ ಗೊತ್ತಾಯಿತು."

"ನಾನು ಪಟ್ಟೆ ನೋಡಿದೆ," ಎಂದಳು ಮುದುಕಿ. ಗೂಡಿನ ಕಡೆ ಇನ್ನೂ ಕತ್ತು ಚಾಚಿಯೇ ಇದ್ದಳು. ಮರಿಯೊಂದು ಕೊಕ್ಕು ಎತ್ತಿದ್ದು ಕಂಡಿತೋ ಏನೋ, ಒಮ್ಮೆ ಚಪ್ಪಾಳೆ ತಟ್ಟಿದಳು. ಆಮೇಲೆ ಹಿಂದಿನ ಬಾಗಿಲು ಮುಚ್ಚಿ, ಮುಂದಿನದನ್ನು ತೆಗೆದು, ಆಸ್ಯಾಳ ಪಕ್ಕ ಬಂದು ಕೂತಳು. "ಹಿಂದೆ ಕೂತರೆ ನಿನ್ನ ತಲೆಯೇ ಕಾಣ್ತದೆ."

ಒತ್ತಿನೆಣೆಯಲ್ಲಿ ಗುಡ್ಡದ ಮೇಲೆ ಕಾರು ನಿಲ್ಲಿಸಿ, ಅತ್ತೆಯ ತೋಳು ಹಿಡಿದು ಆಸ್ಯಾ ಕಾಲುದಾರಿಯಲ್ಲಿ ಕೆಳಗಿಳಿಸಿದಳು. ಕೆಂಪು ಮುರಕಲ್ಲಿನ ಗುಡ್ಡ ಅಲೆಯ ಬಾಯಿಗೆ ಸಿಕ್ಕಿ ತುಂಡುತುಂಡಾಗಿ ಕಡಲಿಗೆ ಇಳಿದಿತ್ತು. ಬುಡದಲ್ಲಿ ಕಪ್ಪು ಬಂಡೆಗಳು. ಕನ್ನಡಕದಲ್ಲಿ ನೆಲವೆಲ್ಲ ಏರುಪೇರಾಗಿ ಕಂಡು ಸಫಿಯಮ್ಮ ಎರಡು ಬಾರಿ ಎಡವಿದಳು. ಹಿಂದೆ ಹೋಗುವ ಮಾತು ಮಾತ್ರ ಆಡಲಿಲ್ಲ. ಚಪ್ಪಟೆ ಬಂಡೆಯೊಂದರ ಮೇಲೆ ಕೂತು ಕಡಲಿಗೆ ಮುಖ ಮಾಡಿದಳು.

ಕಡಲು ಬರಿದಾಗಿತ್ತು.

ಬಂಡೆಯಿಂದ ಚಿಪ್ಪು ಕೆತ್ತುತ್ತಿದ್ದ ಊರಿನ ಹೆಂಗಸೊಬ್ಬಳು, ಅಕ್ಕು ಅಂತ ಹೆಸರು ಹೇಳಿದಳು, ಬುಟ್ಟಿ ಇಳಿಸಿ ಹತ್ತಿರ ಬಂದಳು. ಆ ಮೀನು ಯಾವಾಗ ಬರ್ತದೆ ಎಂದು ಆಸ್ಯಾ ಕೇಳಿದಳು.

"ಹೇಳುಕಾತಿಲ್ಲೆ ಅಮ್ಮಾ. ಬಂದ್ರೆ ಬಂತ್, ಇಲ್ದಿರೆ ಇಲ್ಲೆ," ಎಂದು ಅಕ್ಕು ಎಲೆಯಡಿಕೆಯ ಚೀಲ ಬಿಚ್ಚಿ ಸಫಿಯಮ್ಮನ ಮುಂದೆ ಹಿಡಿದಳು. ಇಬ್ಬರೂ ಬಾಯಿ ಕೆಂಪು ಮಾಡಿಕೊಂಡು ಕೂತರು. ಬಿಸಿಲು ಏರಿತು. ಆಸ್ಪತ್ರೆಯಲ್ಲಿ ಕಾಯಬೇಕಾದೀತೆಂದು ಕಟ್ಟಿಕೊಂಡಿದ್ದ ಬುತ್ತಿಯ ರೊಟ್ಟಿ ಮುಗಿಯಿತು. ಕಾಣಿಸಿದ್ದು ಎರಡು ದೋಣಿ, ಕಡಲಕಾಗೆಗಳ ಒಂದು ಹಿಂಡು, ಅಷ್ಟೆ.

ಮೇಲೆ ರಸ್ತೆಯಲ್ಲಿ ಲಾರಿಯೊಂದು ನಿಂತು ಹೊರಟ ಶಬ್ದವಾಯಿತು. ಸ್ವಲ್ಪ ಹೊತ್ತಿನಲ್ಲಿ ಬಿಳಿ ಪಂಚೆ ಎತ್ತಿ ಕಟ್ಟಿ, ಕೊಡೆಯನ್ನು ಕೋಲಿನಂತೆ ಊರುತ್ತ ಬೀರಾನ್ ಇಳಿದು ಬಂದನು. ಮಂಗಳೂರಿನಿಂದ ಹಿಂದೆ ಬಂದು ಅಂಗಡಿಗೆ ಕಾಲಿಟ್ಟ ಕೂಡಲೇ ಫೋನಿನ ಸುದ್ದಿ ಕೇಳಿ, ಬಸ್ಸಿನಲ್ಲಿ ಕುಂದಾಪುರಕ್ಕೆ ಓಡಿ, ಅಲ್ಲಿಂದ ಭಟ್ಕಳಕ್ಕೆ ಹೊರಟ ರೊಸಾರಿಯೊನ ಲಾರಿ ಹತ್ತಿದ್ದನು. ಅವನ ಮುಖ ಮುರಕಲ್ಲಿನ ಬಣ್ಣಕ್ಕೆ ತಿರುಗಿತ್ತು.

"ಕೀಲಿ ಕೊಡು," ಎಂದು ಆಸ್ಯಾಳ ಮುಂದೆ ಕೈ ಚಾಚಿದನು.

ಆಸ್ಯಾ ಎದ್ದು ನಿಂತಳು. ಕೀಲಿ ಅವಳ ಮುಷ್ಟಿಯಲ್ಲಿತ್ತು. "ಕೊಟ್ಟರೆ ಯಾರು ಓಡಿಸುವುದು ಕಾಕ?"

ಬೀರಾನನಿಗೆ ಸೈಕಲ್ ಬಿಟ್ಟರೆ ಬೇರೆ ಗಾಡಿ ಬರುತ್ತಿರಲಿಲ್ಲ. ಅವನು ತಾಯಿಯ ಕಡೆ ತಿರುಗಿದನು.

"ಉಮ್ಮಾ, ನಿಮಗೆ ಪ್ರಾಯ ಆಯಿತು, ಬುದ್ಧಿ ಎಲ್ಲಿ ಹೋಯಿತು? ಊರಿನವರು ನೋಡಿದರೆ ಎಂತ ಹೇಳಿಯಾರು?"

"ಊರಿನವರಿಗೆ ಕಣ್ಣುಂಟಲ್ವಾ, ನೋಡಲಿ. ಈಗ ನನಗೂ ಉಂಟು."

"ಏಳಿ. ಬಸ್ಸಿನಲ್ಲಿ ಹೋಗುವ. ಈ ಕಾರನ್ನು ನಾಳೆಯೇ ಮಂಗಳೂರಿಗೆ ನನ್ನ ಅಳಿಯನ ಮನೆಗೆ ಕಳಿಸ್ತೇನೆ. ಬದ್ರುವಿಗೂ ಎಲ್ಲ ಹೇಳ್ತೇನೆ."

"ಹೇಳಿ ಕಾಕ," ಎಂದಳು ಆಸ್ಯಾ. "ಈ ವಾರ ದಮಾಮಿಗೆ ಮಾತು ತುಂಬಿಸಿ ಕಳಿಸುವ ಕ್ಯಾಸೆಟ್ಟಿನಲ್ಲಿ ಮೊದಲು ನಾನೇ ಮಾತಾಡ್ತೇನೆ. ಎಲ್ಲಿಗೆ ಹೋದೆ, ಎಷ್ಟು ಸ್ಪೀಡಿನಲ್ಲಿ ಹೋದೆ, ಎಲ್ಲವನ್ನೂ ಹೇಳ್ತೇನೆ. ಆಮೇಲೆ ನೀವು ಹೇಳಿ. ಕಾರು ಅವರದ್ದು. ಅವರು ಬೇಡ ಅಂದರೆ ಆಗ ನೋಡುವ."

"ಎದುರು ಮಾತಾಡ್ತೀಯಾ?"

"ಬೀರಾನೇ," ಸಫಿಯಮ್ಮ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಹೇಳಿದಳು, "ಕೂಗಬೇಡ, ಮೀನು ಹೆದರ್ತದೆ. ಬಸ್ಸಿಗೆ ಹೋಗುವುದಾದರೆ ನೀನು ಹೋಗು. ನಾನು ನೋಡದೆ ಏಳುವುದಿಲ್ಲ. ಇವತ್ತು ಬರದಿದ್ದರೆ ನಾಳೆ ಪುನಃ ಬರ್ತೇನೆ. ಇವಳು ಕರ್ಕೊಂಡು ಬರ್ತಾಳೆ."

ಹೋಗುವುದಕ್ಕೆ ಬೀರಾನನಿಂದ ಆಗಲಿಲ್ಲ. ತಾಯಿಯನ್ನೂ ತಮ್ಮನ ಹೆಂಡತಿಯನ್ನೂ ಗೊತ್ತಿಲ್ಲದ ಊರಿನ ಬಂಡೆಯ ಮೇಲೆ ಬಿಟ್ಟುಹೋದರೆ ಅದು ಇನ್ನೂ ದೊಡ್ಡ ಮಾತಾಗುತ್ತಿತ್ತು. ಅವನು ಹತ್ತು ಮಾರು ದೂರದಲ್ಲಿ ಕೊಡೆ ಬಿಡಿಸಿ, ಅವರಿಗೆ ಬೆನ್ನು ಹಾಕಿ, ಬಡಗು ದಿಕ್ಕಿನ ಕಡಲನ್ನು ನೋಡುತ್ತ ಕೂತನು. ಅಕ್ಕು ಅವನಿಗೂ ಎಲೆಯಡಿಕೆ ಬೇಕೇ ಎಂದು ಸನ್ನೆ ಮಾಡಿದಳು. ಅವನು ನೋಡದವನಂತೆ ಇದ್ದನು.

ಅಲೆ ಬಂಡೆಗೆ ಹೊಡೆದು, ಸೀಳಿನಲ್ಲಿ ನುಗ್ಗಿ, ನೊರೆಯಾಗಿ ಹಿಂದೆ ಹೋಗುತ್ತಿತ್ತು. ಈ ಮನುಷ್ಯ ಎದ್ದು ಬಂದು ಕೈ ತಿರುಚಿ ಕೀಲಿ ಕಿತ್ತುಕೊಂಡರೆ ಏನು ಮಾಡುವುದು ಎಂದು ಆಸ್ಯಾ ಯೋಚಿಸುತ್ತಿದ್ದಳು. ಕಡಲಿಗೆ ಎಸೆದುಬಿಡುವುದು ಎಂದು ತೀರ್ಮಾನಿಸಿ, ಕೀಲಿಯನ್ನು ಬಲಗೈಗೆ ಬದಲಾಯಿಸಿಕೊಂಡಳು.

ಬೀರಾನ್ ಎದ್ದನು. ಕೊಡೆ ಅವನ ಕೈಯಿಂದ ಬಿದ್ದು ಬಂಡೆಯ ಮೇಲೆ ಉರುಳಿತು.

"ಉಮ್ಮಾ! ಅಲ್ಲಿ, ಅಲ್ಲಿ! ಆ ಬಂಡೆಯ ಆಚೆ!"

ನೀರಿನೊಳಗಿನಿಂದ ಬೂದುಬಣ್ಣದ ಬೆನ್ನೊಂದು ಮೇಲೆ ಬಂದು ಮೆಲ್ಲಗೆ ಮಗುಚಿ ಮುಳುಗಿತು. ಅದರ ಹಿಂದೆ ಇನ್ನೊಂದು. ಆಮೇಲೆ ಮೂರು ಒಟ್ಟಿಗೆ. ಸಫಿಯಮ್ಮ ಎದ್ದು ತತ್ತರಿಸುತ್ತ, "ಎಲ್ಲಿ? ಎಲ್ಲಿ ಬೀರಾನೇ? ನನಗೆ ನೀರು ಮಾತ್ರ ಕಾಣ್ತದೆ!" ಎಂದು ತಲೆಯನ್ನು ಆ ಕಡೆ ಈ ಕಡೆ ತಿರುಗಿಸತೊಡಗಿದಳು. ತಿರುಗಿಸಿದಷ್ಟೂ ಕನ್ನಡಕದೊಳಗೆ ಕಡಲು ಓಲಾಡುತ್ತಿತ್ತು. ಬೀರಾನ್ ಎರಡು ನೆಗೆತಕ್ಕೆ ಬಂದು, ಹಿಂದಿನಿಂದ ತಾಯಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದನು. "ಅಲ್ಲಾಡಬೇಡಿ. ಸೀದಾ ನೋಡಿ. ಈಗ ಬರ್ತದೆ. ಈಗ."

ಬಂಡೆಯಿಂದ ಒಂದು ದೋಣಿಯ ಉದ್ದದಷ್ಟೇ ದೂರದಲ್ಲಿ ನೀರು ಸೀಳಿತು. ಫುಸ್ ಎಂದು ಉಸಿರು ಬಿಟ್ಟದ್ದು ನಾಲ್ವರಿಗೂ ಕೇಳಿಸಿತು, ಹೊರೆ ಇಳಿಸಿದ ಹೆಂಗಸು ನಿಟ್ಟುಸಿರು ಬಿಟ್ಟ ಹಾಗೆ. ದೊಡ್ಡದರ ಬಗಲಿಗೆ ಅಂಟಿಕೊಂಡಂತೆ ಚಿಕ್ಕದೊಂದು ಇತ್ತು. ತಾಯಿ ಮೇಲೆ ಬಂದಾಗ ಅದೂ ಬಂತು, ಅವಸರದಲ್ಲಿ ಒಂದು ಸಣ್ಣ ಉಸಿರು ಬಿಟ್ಟು ಮುಳುಗಿತು.

ಹಿಂಡು ಗುಡ್ಡದ ಮೂಗನ್ನು ಸುತ್ತಿ ಬಡಗು ದಿಕ್ಕಿಗೆ ಸಾಗಿ ಮರೆಯಾಯಿತು. ಬೀರಾನನ ಕೈ ಇನ್ನೂ ಸಫಿಯಮ್ಮನ ಕಿವಿಗಳ ಮೇಲೆಯೇ ಇತ್ತು.

"ಇವಳೇನಾ," ಎಂದಳು ಕೊನೆಗೆ. "ಚಂದ ಇದ್ದಾಳೆ. ಅವರ ತಪ್ಪಲ್ಲ."

ಹಿಂದಿರುಗುವಾಗ ಸಫಿಯಮ್ಮ ಮುಂದಿನ ಸೀಟು ಬಿಟ್ಟುಕೊಡಲಿಲ್ಲ. ಬೀರಾನ್ ಹಿಂದೆ, ಕೊಡೆಯನ್ನು ಮೊಣಕಾಲಿನ ನಡುವೆ ಇಟ್ಟುಕೊಂಡು ಕೂತನು. ಎದುರಿಗೆ ಲಾರಿ ಬಂದಾಗಲೆಲ್ಲ ಅವನು ಕಾಲಿನಿಂದ ಇಲ್ಲದ ಬ್ರೇಕನ್ನು ಒತ್ತುವುದು ಆಸ್ಯಾಳಿಗೆ ಕನ್ನಡಿಯಲ್ಲಿ ಕಾಣುತ್ತಿತ್ತು. ಉದ್ಯಾವರ ದಾಟಿದ ಮೇಲೆ ಗಂಟಲು ಸರಿಮಾಡಿಕೊಂಡನು.

"ಕಾಪುವಿನಲ್ಲಿ ಪೇಟೆಯೊಳಗಿನಿಂದ ಬೇಡ. ಗದ್ದೆಯ ಬದಿಯ ದಾರಿಯಲ್ಲಿ ಹೋಗು."

"ಅದರಲ್ಲಿ ಕಾರು ಹೂತುಹೋಗ್ತದೆ ಕಾಕ."

"ಹಾಗಾದರೆ ಕತ್ತಲಾಗುವ ತನಕ ಇಲ್ಲಿಯೇ ಎಲ್ಲಾದರೂ ನಿಲ್ಲಿಸು."

"ನಾನು ಕದ್ದ ಗಾಡಿ ತರ್ತಾ ಇಲ್ಲ," ಎಂದಳು ಆಸ್ಯಾ. ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಪೇಟೆಯಲ್ಲೇ ಹೋಗುವುದು. ಬೆಳಕಿರುವಾಗಲೇ."

ಬೀರಾನ್ ತಾಯಿಯ ಕಡೆ ನೋಡಿದನು. ಸಫಿಯಮ್ಮ ಗಾಜಿಗೆ ಹಣೆ ತಾಗಿಸಿ ಹೊರಗೆ ನೋಡುತ್ತಿದ್ದಳು. ಕಟಪಾಡಿಯಲ್ಲಿ ಅವನು ಇಳಿಯುತ್ತೇನೆಂದನು. ಆಸ್ಯಾ ಮರ್ಯಾದೆಯಿಂದಲೇ ಬದಿಗೆ ನಿಲ್ಲಿಸಿದಳು. ಇಳಿದವನು ಬಸ್ ಸ್ಟ್ಯಾಂಡಿನ ಜನರ ನಡುವೆ, ತಾನು ಯಾವ ಕಾರಿನಿಂದಲೂ ಇಳಿಯಲಿಲ್ಲವೆಂಬಂತೆ ನಿಂತುಕೊಂಡನು.

ಕಾಪು ಪೇಟೆಯಲ್ಲಿ ಸಂಜೆಯ ಜನ. ಎದುರಿಗೊಂದು ಎತ್ತಿನ ಗಾಡಿ ಸಿಕ್ಕಿ ಫಿಯೆಟ್ ನಡಿಗೆಯ ವೇಗಕ್ಕೆ ಇಳಿಯಿತು. ಹೋಟೆಲಿನ ಬೆಂಚಿನಿಂದ ಒಬ್ಬ ಎದ್ದನು, ಅವನನ್ನು ನೋಡಿ ಇನ್ನೊಬ್ಬ. ಮೀನಿನ ಬುಟ್ಟಿಗಳ ಮುಂದೆ ಕೂತಿದ್ದ ರತ್ನಾವತಿ ನೊಣ ಓಡಿಸುವುದನ್ನು ಬಿಟ್ಟು, "ಯಾರದು, ಆಸ್ಯಾಕ್ಕನಾ?" ಎಂದು ಗಟ್ಟಿಯಾಗಿ ಕೇಳಿದಳು. ಜವಳಿ ಅಂಗಡಿಯ ಬಾಗಿಲಲ್ಲಿ ಕೆಲಸದವರು ಕೈಯಲ್ಲಿ ಬಟ್ಟೆಯ ಮಡಿಕೆ ಹಿಡಿದುಕೊಂಡೇ ನಿಂತರು. ಆಸ್ಯಾಳ ಕಿವಿ ಬಿಸಿಯಾಗಿತ್ತು. ಆದರೂ ತಲೆ ತಗ್ಗಿಸಲಿಲ್ಲ. ಎತ್ತಿನ ಗಾಡಿಯವನಿಗೆ ಎರಡು ಬಾರಿ ಹಾರ್ನ್ ಹೊಡೆದು, ದಾರಿ ಸಿಕ್ಕಿದ ಮೇಲೆ ಮಾತ್ರ ಮುಂದೆ ಹೋದಳು.

ಮನೆ ಮುಟ್ಟಿ ಅತ್ತೆಯನ್ನು ಜಗಲಿಯಲ್ಲಿ ಕೂರಿಸಿದಳು. ಬಾವಿಯಿಂದ ನೀರು ಸೇದಿ ತಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರು ತೊಳೆಯಲು ಶುರುಮಾಡಿದಳು. ಎರಡೂ ಬದಿಯ ಗಾಜುಗಳು ಉಪ್ಪು ಹಿಡಿದು ಮಂಜಾಗಿದ್ದವು. ಬೇಲಿಯಾಚೆ ನೆರೆಯ ಹೆಂಗಸರು ಬಂದು ನಿಂತರು. ಬಸ್ಸಿನಲ್ಲಿ ಬಂದ ಬೀರಾನ್ ಗೇಟು ದೂಡಿ ಒಳಗೆ ಬಂದು ಅಂಗಳದ ಮಧ್ಯೆ ನಿಂತನು.

"ನಾಳೆ ಬೆಳಿಗ್ಗೆ ಲಿಡ್ವಿನ್ ಬರ್ತಾನೆ. ಕಾರು ಮಂಗಳೂರಿಗೆ ಹೋಗ್ತದೆ," ಎಂದನು, ಬೇಲಿಯಾಚೆಗೂ ಕೇಳುವಷ್ಟು.

"ಬರುವುದು ಬೇಡ ಅಂತ ಹೇಳಿ ಕಳಿಸಿ ಕಾಕ," ಎಂದಳು ಆಸ್ಯಾ, ಅಷ್ಟೇ ಗಟ್ಟಿಯಾಗಿ. "ನಾಳೆ ನಾನು ಕಾರ್ಕಳದ ಮೇಲಿಂದ ಬಜಗೋಳಿಗೆ, ತವರಿಗೆ ಹೋಗ್ಲಿಕ್ಕುಂಟು. ಉಪ್ಪನನ್ನು ನೋಡದೆ ಬಹಳ ಸಮಯ ಆಯಿತು. ಮಾಮಿಯೂ ಬರ್ತಾರೆ."

ಅವನು ಇನ್ನೇನೋ ಹೇಳಲು ಬಾಯಿ ತೆರೆದನು. ಆಸ್ಯಾ ಬಾಲ್ದಿ ಎತ್ತಿ ತುಂಬಿದ ನೀರನ್ನು ಕಾರಿನ ನೆತ್ತಿಗೆ ಸುರಿದಳು. ನೀರು ಗಾಜುಗಳ ಮೇಲಿಂದ ಇಳಿದು, ಅಂಗಳದ ಕೆಂಪು ಮಣ್ಣಿನಲ್ಲಿ ದಾರಿ ಮಾಡಿಕೊಂಡು, ಬೀರಾನನ ಚಪ್ಪಲಿಯ ತನಕ ಹರಿಯಿತು. ಅವನು ಪಂಚೆಯ ತುದಿ ಎತ್ತಿ ಹಿಡಿದು ಹಿಂದಕ್ಕೆ ಸರಿದು ನಿಂತನು. ಆಸ್ಯಾ ಬಟ್ಟೆ ಹಿಂಡಿ, ಎರಡನೇ ಗಾಜನ್ನು ಒರೆಸತೊಡಗಿದಳು.